ಗಾರ್ನೆಟ್ ಬೀದಿ ಮೈದಾನದ ಎರಡು ಗುಂಡಿಗಳು

ಹೆಸರು: ಲಿಯೋನಾರ್ಡ್ ಪ್ರುಸಾಕ್, ತಂದೆ ದಿವಂಗತ ವಾಲ್ಟರ್ ಪ್ರುಸಾಕ್. ವಯಸ್ಸು: 58 ವರ್ಷ. ಕೆಲಸ: ಗಾರ್ನೆಟ್ ಬೀದಿ ಪ್ರೌಢಶಾಲೆಯ ಆಟದ ಮೈದಾನ ನೋಡಿಕೊಳ್ಳುವುದು, 26 ವರ್ಷಗಳಿಂದ. ವಾಸ: ಮನೆ ನಂ. 418, ಟ್ಯಾನರಿ ರಸ್ತೆ, ಹಾರ್ಲನ್ ಫಾಲ್ಸ್, ಓಹಾಯೋ.

ಮೇಲ್ಕಂಡ ನಾನು ಇಂದು ದಿನಾಂಕ 27-8-2024ರ ಮಂಗಳವಾರ ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ ಠಾಣೆಗೆ ಬಂದು, ಯಾರ ಒತ್ತಾಯವೂ ಇಲ್ಲದೆ, ನನ್ನ ಕೈಯಿಂದಲೇ ಬರೆದು ತಿಳಿಸಿಕೊಳ್ಳುತ್ತಿರುವುದು ಏನೆಂದರೆ:

ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು. ಹಿಂದುಮುಂದು ಆಗಬಾರದೆಂದು ತಾರೀಖಿನ ಪ್ರಕಾರ ಬರೆಯುತ್ತೇನೆ.

ದಿನಾಂಕ 12ರ ಸೋಮವಾರ ಬೆಳಿಗ್ಗೆ 5.40ಕ್ಕೆ ನಾನು ಮೈದಾನದ ಗೇಟು ತೆಗೆಯುತ್ತಿರುವಾಗ ಒಬ್ಬ ಯುವಕನು ಬಂದು, ತನ್ನ ಹೆಸರು ಜೊವಾನ್ ಪೆಟ್ವೇ, ವಯಸ್ಸು 23, ಊರು ಅಲಬಾಮಾ ಕಡೆ, ನಮ್ಮ ಕಡೆಯ ವೃತ್ತಿಪರ ಫುಟ್‌ಬಾಲ್ ತಂಡದಲ್ಲಿ ಕಿಕ್ ರಿಟರ್ನರ್ ಜಾಗಕ್ಕೆ ಪ್ರಯತ್ನಿಸುತ್ತಿರುವುದಾಗಿ ತಿಳಿಸಿದನು. ಎದುರಿನವರು ಒದ್ದ ಚೆಂಡನ್ನು ಆಕಾಶದಿಂದ ಹಿಡಿದು, ಹನ್ನೊಂದು ಜನ ಮೈಮೇಲೆ ಬೀಳುವಷ್ಟರಲ್ಲಿ ಎದುರಿಗೆ ಓಡಬೇಕಾದವನು ಅವನು. ತಂಡದಲ್ಲಿ ಆಗ 90 ಜನರಿದ್ದರು. 27ರ ಮಂಗಳವಾರ ಸಂಜೆ 4 ಗಂಟೆಯೊಳಗೆ 53 ಜನರನ್ನು ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳಿಸುವುದಿತ್ತು. ಅವನು ಕ್ಲಬ್ಬಿಗೆ 7.15ಕ್ಕೆ ಹೋಗಬೇಕು, ಅದಕ್ಕೆ ಮೊದಲು ನಮ್ಮ ಮೈದಾನವನ್ನೂ ಶಾಲೆಯ ಚೆಂಡು ಎಸೆಯುವ ಯಂತ್ರವನ್ನೂ ಸ್ವಲ್ಪ ಹೊತ್ತು ಕೊಡಬೇಕೆಂದು ಕೇಳಿದನು. "ಸರ್, ನಾನಿಲ್ಲಿ ಬರೋದು ಯಾರಿಗೂ ಗೊತ್ತಾಗೋದು ಬೇಡ. ಕ್ಲಬ್ಬಿನೋರಿಗೂ ಬೇಡ, ಅಭಿಮಾನಿಗಳಿಗಂತೂ ಬೇಡವೇ ಬೇಡ" ಎಂದನು. ನಾನು ಒಪ್ಪಿದೆನು. ಮುಖ್ಯೋಪಾಧ್ಯಾಯರ ಅನುಮತಿ ಕೇಳಲಿಲ್ಲ. ಅದು ನನ್ನ ತಪ್ಪು.

ಅಂದಿನಿಂದ ಬೆಳಿಗ್ಗೆ ನಾನು ದಕ್ಷಿಣದ ತುದಿಯಲ್ಲಿ ಯಂತ್ರಕ್ಕೆ ಚೆಂಡು ಹಾಕುವುದು, ಅವನು ಉತ್ತರದಲ್ಲಿ 20 ಗಜದ ಗೆರೆಯ ಎಡಗಡೆ ನಿಂತು ಹಿಡಿಯುವುದು. ದಿನಕ್ಕೆ 40 ಚೆಂಡು. ಚೆಂಡು ಮೇಲಿರುವಾಗ ಅವನು ನೆಲ ನೋಡುವಂತಿಲ್ಲ, ನೋಡಿದರೆ ಚೆಂಡು ಬಿಡುತ್ತಾನೆ. ನಾನು ನೆಲ ಬಿಟ್ಟು ಬೇರೇನೂ ನೋಡುವವನಲ್ಲ. ಹಾಗಾಗಿ ಅವನ ಪಾದದ ಜವಾಬ್ದಾರಿ ನನ್ನದೆಂದು ನಾನೇ ಅಂದುಕೊಂಡಿದ್ದೆನು.

ದಿನಾಂಕ 17ರ ಶನಿವಾರ ಅಭ್ಯಾಸದ ಪಂದ್ಯದಲ್ಲಿ ಜೊವಾನನು ಎರಡು ಚೆಂಡು ಕೈಬಿಟ್ಟನು. ಮರುದಿನ ಭಾನುವಾರ ಬೆಳಿಗ್ಗೆ 11 ಗಂಟೆಗೆ ನಾನು ಎಂದಿನಂತೆ ಓಪಲ್ ಎಂಬುವರ ಹೋಟೆಲಿಗೆ ಹೋದೆನು. ಅಲ್ಲಿ ಡುವೇನ್ ಹಕಬಿ ಇದ್ದನು. ಇವನಿಗೆ 60 ವರ್ಷ, ಮೊದಲು ಛಾವಣಿ ಹೊದಿಸುವ ಕೆಲಸ ಮಾಡುತ್ತಿದ್ದವನು, ನನ್ನ ಮನೆಯಿಂದ ಮೂರನೇ ಮನೆ, ನನ್ನನ್ನು ಲೆನ್ನಿ ಎಂದು ಕರೆಯುವ 31 ವರ್ಷದ ಸ್ನೇಹಿತ. ತಂಡಕ್ಕೆ ಏನೇ ಒಳ್ಳೆಯದಾದರೂ ಇವನು ಮನೆಯಿಂದ ಎದ್ದು ಬಂದು ತನ್ನ ಹಸಿರು ಟ್ರಕ್ಕಿನ ಹಾರ್ನನ್ನು ಮೂರು ಸಲ ಒತ್ತುವುದು ನಮ್ಮ ಬೀದಿಗೆಲ್ಲ ಗೊತ್ತಿದೆ.

ಪ್ರತಿ ಆಗಸ್ಟಿನಲ್ಲೂ ನಾವು ಓಪಲ್ ಹೋಟೆಲಿನಲ್ಲಿ ತಟ್ಟೆ ಕೆಳಗೆ ಹಾಕುವ ಕಾಗದದ ಹಿಂದೆ ನಮ್ಮದೇ 53 ಹೆಸರು ಬರೆಯುವ ಪದ್ಧತಿಯಿದೆ. ಡುವೇನನು ಪೆಟ್ವೇ ಹೆಸರಿನ ಮೇಲೆ ಕಾಗದ ಹರಿಯುವಷ್ಟು ಗೀಚಿ, "ಇವನು ಕೈಗೆ ಬೆಣ್ಣೆ ಹಚ್ಕೊಂಡೇ ಬರ್ತಾನೆ. ಸೋಮಾರಿ ಕಣೋ, ಬೆವರೇ ಹರಿಸಲ್ಲ" ಎಂದು ಹೇಳಿದನು. ಅದಕ್ಕೆ ಓಪಲಮ್ಮನವರು, "ಹೋದ ತಿಂಗಳು ನೀನು ನನ್ನ ಎರಡು ಕಾಫಿ ಕಪ್ ಕೈಬಿಟ್ಟು ಒಡೆದೆ ಡುವೇನ್, ನಿನ್ನ ನಾನೇನು ಪಟ್ಟಿಯಿಂದ ತೆಗೆದ್ನಾ?" ಎಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ಸೋಮಾರಿ ಎಂದ ಮಾತು ಸರಿಬರಲಿಲ್ಲ, ನನ್ನ ಕಾಗದದಲ್ಲಿ ಪೆಟ್ವೇ ಹೆಸರನ್ನು ಹಾಗೇ ಉಳಿಸಿದೆನು.

ದಿನಾಂಕ 19ರ ಸೋಮವಾರ ಸಂಜೆ ಅಭಿಮಾನಿಗಳು ಫೋನು ಮಾಡಿ ಮಾತಾಡುವ ರೇಡಿಯೋ ಕಾರ್ಯಕ್ರಮದಲ್ಲಿ ಡುವೇನನು ಅದೇ ಮಾತನ್ನು ಇನ್ನೊಮ್ಮೆ ಆಡಿದನು. ಆಗ 4.25ಕ್ಕೆ ನಾನೂ ಫೋನು ಮಾಡಿದೆನು. ಜೊವಾನ್ ಪೆಟ್ವೇ ಸೋಮಾರಿಯಲ್ಲ, ದಿನಾ ಬೆಳಿಗ್ಗೆ 5.40ಕ್ಕೆ ಗಾರ್ನೆಟ್ ಬೀದಿ ಮೈದಾನಕ್ಕೆ ಬರುತ್ತಾನೆ, ಉತ್ತರದ ಕಡೆ 20ರ ಗೆರೆಯ ಎಡಗಡೆ ನಿಂತು 40 ಚೆಂಡು ಹಿಡಿಯುತ್ತಾನೆ, ಅಲ್ಲಿ ಹುಲ್ಲು ಸವೆದಿರುವುದನ್ನು ಬೇಕಾದರೆ ಬಂದು ನೋಡಿ ಎಂದೆನು. ನಾನು ಒಂದು ನಿಮಿಷ ಐವತ್ತು ಸೆಕೆಂಡು ಮಾತಾಡಿದೆನೆಂದು ನನ್ನ ಹೆಂಡತಿ ಜೂನ್ ಹೇಳುತ್ತಾಳೆ. ಫೋನು ಇಟ್ಟ ಮೇಲೆ ಅವಳು, "ಅಲ್ಲಾ ರೀ, ಯಾರಿಗೂ ಹೇಳ್ಬೇಡಿ ಅಂದಿದ್ದ ಅಂತ ನೀವೇ ಹೇಳಿದ್ರಲ್ಲ" ಎಂದಳು. ಆ ಕಾರ್ಯಕ್ರಮವನ್ನು ಎಷ್ಟು ಜನ ಕೇಳುತ್ತಾರೋ ನನಗೆ ತಿಳಿಯದು.

ದಿನಾಂಕ 20ರ ಮಂಗಳವಾರ ಬೆಳಿಗ್ಗೆ ಬೇಲಿಯ ಹೊರಗೆ ಎರಡು ಕಾರು ನಿಂತಿದ್ದವು. ಐದು ಜನರಿದ್ದರು, ಒಬ್ಬರ ಗುರುತೂ ನನಗಿಲ್ಲ. ಚೆಂಡು ಮೇಲೆ ಹೋದಾಗಲೆಲ್ಲ "ಬಿಡು, ಬಿಡು, ಬಿಟ್ಟೇ ಬಿಡು" ಎಂದು ಕೂಗಿದರು. ಜೊವಾನನು ಒಂದೂ ಬಿಡಲಿಲ್ಲ. ಹೋಗುವಾಗ ಯಾರು ಹೇಳಿರಬಹುದು ಸರ್ ಎಂದು ನನ್ನನ್ನು ಕೇಳಿದನು. ಗೊತ್ತಿಲ್ಲ ಎಂದೆನು. ಅವನು ರೇಡಿಯೋ ಕೇಳುವುದಿಲ್ಲವೆಂದು ಆಮೇಲೆ ತಿಳಿಯಿತು.

ಅಂದಿನಿಂದ ನಾನು ಒಂದು ಗಂಟೆ ಮೊದಲೇ ಹೋಗಿ, ಟಾರ್ಚ್ ಹಿಡಿದು ಮೈದಾನ ಪೂರ್ತಿ ಸುತ್ತುತ್ತಿದ್ದೆನು. ಗಾಜು, ಮೊಳೆ, ಏನಾದರೂ ಇರಬಹುದೆಂಬ ಹೆದರಿಕೆ. ಮೂರು ದಿನ ಏನೂ ಸಿಗಲಿಲ್ಲ. ಏನೂ ಸಿಗದಿದ್ದುದು ಸಮಾಧಾನ ಕೊಡಲಿಲ್ಲ.

ದಿನಾಂಕ 22ರ ಗುರುವಾರ ಕೊನೆಯ ಅಭ್ಯಾಸದ ಪಂದ್ಯ. ಡುವೇನನು ನಮ್ಮ ಮನೆಯಲ್ಲೇ ಕೂತು ಟಿ.ವಿ. ನೋಡುತ್ತಿದ್ದನು. ಜೊವಾನನು ಒಂದು ಚೆಂಡು ಹಿಡಿದು 71 ಗಜ ಓಡಿ ಕೊನೆಯ ಗೆರೆ ದಾಟಿದನು. ನಾನೂ ಜೂನಳೂ ಎದ್ದು ನಿಂತೆವು. ಡುವೇನನು ಏಳಲಿಲ್ಲ. ಟೋಪಿ ತೆಗೆದು ಅದರ ಒಳಗೆ ನೋಡುತ್ತಾ ಕೂತನು. ಟ್ರಕ್ಕು ನಮ್ಮ ಬಾಗಿಲಲ್ಲೇ ಇತ್ತು. ಹಾರ್ನ್ ಆಗಲಿಲ್ಲ.

ದಿನಾಂಕ 23ರ ಶುಕ್ರವಾರ ಬೇರೊಂದು ತಂಡವು ರಾಂಡಲ್ ಕ್ರೌಡರ್ ಎಂಬ 32 ವರ್ಷದ ಹಳೆಯ ಕಿಕ್ ರಿಟರ್ನರನ್ನು ಬಿಟ್ಟಿತೆಂದು ಸುದ್ದಿ ಬಂತು. ಓಪಲ್ ಹೋಟೆಲಿನಲ್ಲಿ ಡುವೇನನು ಅವನನ್ನು ಇವತ್ತೇ ತಗೋಬೇಕು ಎಂದನು. ಜಾಗ ಎಲ್ಲಿದೆ, ನಿನ್ನೆ ಓಡಿದ್ದು ನೋಡಿದ ಮೇಲೆ ಪೆಟ್ವೇನ ಯಾರು ಬಿಡ್ತಾರೆ ಎಂದು ನಾನು ಕೇಳಿದೆನು. ಅದಕ್ಕೆ ಅವನು ಕಾಗದದ ಮೇಲೆ ಬರೆದು ತೋರಿಸುತ್ತಾ, "ಲೋ ಲೆನ್ನಿ, ಅದಕ್ಕೂ ದಾರಿ ಇದೆ. ಅವನ ಕಾಲು ಒಂಚೂರು ಉಳುಕಿದ್ರೆ ಸಾಕು. ಗಾಯ ಆದೋರ ಪಟ್ಟಿಗೆ ಸೇರಿಸ್ತಾರೆ. ಅವನ ಸಂಬಳ ಅವನಿಗೆ, ಜಾಗ ಕ್ರೌಡರ್‌ಗೆ. ಯಾರ ಹೊಟ್ಟೆ ಮೇಲೂ ಹೊಡೆದಂಗಾಗಲ್ಲ" ಎಂದನು. ಓಪಲಮ್ಮನವರು ಕಾಫಿ ಹಾಕುತ್ತಿದ್ದವರು ನಿಲ್ಲಿಸಿ, "ಅದು ಯಾರೋ ಹೆತ್ತ ಮಗನ ಕಾಲು ಕಣಯ್ಯ" ಎಂದರು. "ನಾನೇನು ಮುರೀರಿ ಅಂದ್ನಾ? ಉಳುಕು ಅಂದೆ" ಎಂದು ಡುವೇನನು ಹೇಳಿದನು. ಆಗ ನಗು ಬಂತು. ನಾನೂ ನಕ್ಕೆನು. ಅದನ್ನು ಬರೆಯದಿದ್ದರೆ ಈ ಹೇಳಿಕೆ ಪೂರ್ತಿಯಾಗುವುದಿಲ್ಲ.

ದಿನಾಂಕ 24ರ ಶನಿವಾರ ಬೆಳಿಗ್ಗೆ 4.50ಕ್ಕೆ ಟಾರ್ಚ್ ಬೆಳಕಿನಲ್ಲಿ ಮೈದಾನವೆಲ್ಲ ಇಬ್ಬನಿಯಿಂದ ಬೆಳ್ಳಗಿತ್ತು. ಉತ್ತರದ 20ರ ಗೆರೆಯ ಎಡಗಡೆ ಒಂದು ಊಟದ ತಟ್ಟೆಯಷ್ಟು ಜಾಗದಲ್ಲಿ ಇಬ್ಬನಿ ಇರಲಿಲ್ಲ. ಮುಟ್ಟಿದಾಗ ಹುಲ್ಲು ಅಲುಗಾಡಿತು. ಎತ್ತಿ ನೋಡಿದರೆ ಕೆಳಗೆ ಪಿಜ್ಜಾ ಡಬ್ಬದ ರಟ್ಟು, ಅದರ ಕೆಳಗೆ 9 ಅಂಗುಲ ಅಗಲ, 7 ಅಂಗುಲ ಆಳದ ಗುಂಡಿ. ಮಣ್ಣನ್ನು ಬೇರೆ ಕಡೆ ಹೊತ್ತು ಹಾಕಿದ್ದರು, ಒಂದು ಹಿಡಿಯೂ ಅಲ್ಲಿ ಚೆಲ್ಲಿರಲಿಲ್ಲ. ಹುಲ್ಲಿನ ಅಂಚನ್ನು ಅರ್ಧಚಂದ್ರಾಕಾರದ ಸಲಿಕೆಯಿಂದ ಕತ್ತರಿಸಿದ್ದರು. ಕತ್ತರಿಸಿದ ಮಣ್ಣಿನ ಗೋಡೆಯ ಮೇಲೆ ಪ್ರತಿ ಏಟಿಗೂ ಒಂದೊಂದು ಸಣ್ಣ ಉಬ್ಬುಗೆರೆ ಉಳಿದಿತ್ತು. ಅಲಗು ಮುಕ್ಕಾಗಿರುವ ಸಲಿಕೆ ಮಾತ್ರ ಹಾಗೆ ಬಿಡುತ್ತದೆ. ನನ್ನ ಸಲಿಕೆಯ ಅಲಗು ಎಡತುದಿಯಿಂದ 2 ಅಂಗುಲಕ್ಕೆ ಮುಕ್ಕಾಗಿದೆ. ಅದನ್ನು ನಾನು ಮೇ ತಿಂಗಳಲ್ಲಿ ಡುವೇನನಿಗೆ ಹೂವಿನ ಪಾತಿ ಮಾಡಲು ಕೊಟ್ಟಿದ್ದೆನು.

ಮುಕ್ಕಾದ ಸಲಿಕೆ ಊರಲ್ಲಿ ಎಷ್ಟೋ ಇರಬಹುದೆಂದು ನನಗೆ ನಾನೇ ಹೇಳಿಕೊಂಡೆನು. ರಟ್ಟನ್ನು ತೆಗೆದಿಟ್ಟುಕೊಂಡು, ಗುಂಡಿಗೆ ಮರಳು ತುಂಬಿ, ಹುಲ್ಲು ಕೂರಿಸಿ, ಮೊಣಕಾಲಿನಿಂದ ಒತ್ತಿದೆನು. 5.40ಕ್ಕೆ ಜೊವಾನನು ಬಂದಾಗ, ಆ ಕಡೆ ಹುಲ್ಲಿಗೆ ವಿಶ್ರಾಂತಿ ಬೇಕು ಎಂದು ಸುಳ್ಳು ಹೇಳಿ ಯಂತ್ರವನ್ನು ಉತ್ತರಕ್ಕೆ ತಂದು, ಅವನನ್ನು ದಕ್ಷಿಣದ 20ರ ಗೆರೆಯ ಬಲಗಡೆ ನಿಲ್ಲಿಸಿದೆನು. ಅವನು ನನ್ನ ಕೈಗೆ ಮೆತ್ತಿದ್ದ ಒದ್ದೆ ಮರಳು ನೋಡಿ, ಚಳಿಯಾಗಲ್ವಾ ಸರ್ ಎಂದು ಕೇಳಿ, ತನ್ನ ಕೈಗವಸು ಕೊಡಲು ಬಂದನು.

ದಿನಾಂಕ 25ರ ಭಾನುವಾರ ಮಧ್ಯಾಹ್ನ 1.15ಕ್ಕೆ ಡುವೇನನು ನಮ್ಮ ಮನೆಗೆ ಬಂದು ಸಲಿಕೆ ವಾಪಸು ಕೊಟ್ಟನು. ತೊಳೆದು, ಒರೆಸಿ, ಅಲಗಿಗೆ ಎಣ್ಣೆ ಹಚ್ಚಿದ್ದನು. 31 ವರ್ಷದಲ್ಲಿ ಅವನು ನನ್ನಿಂದ ಒಯ್ದ ಯಾವ ಸಾಮಾನನ್ನೂ ತೊಳೆದು ಕೊಟ್ಟವನಲ್ಲ. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು ಮಾತಾಡತೊಡಗಿದೆನು. ಬಿಸಿಲಿನ ವಿಷಯ, ಜೂನಳ ಮಂಡಿನೋವಿನ ವಿಷಯ ಮಾತಾಡಿ, ಕೊನೆಗೆ ಪೆಟ್ವೇ ಈಗ ದಕ್ಷಿಣದ ಕಡೆ ಬಲಗಡೆ ನಿಲ್ಲುತ್ತಾನೆ ಎಂಬುದನ್ನೂ ಹೇಳಿಬಿಟ್ಟೆನು. ಇದನ್ನು ಪರೀಕ್ಷೆ ಮಾಡಲೆಂದು ಹೇಳಿದ್ದಲ್ಲ. ಭಯವಾದಾಗ ನನ್ನ ಬಾಯಿ ನಿಲ್ಲುವುದಿಲ್ಲ. ಡುವೇನನು "ಹೌದಾ" ಎಂದಷ್ಟೇ ಅಂದನು. ಜಾಗ ಬದಲಾದ ವಿಷಯವನ್ನು ನಾನು ಮತ್ಯಾರಿಗೂ, ನನ್ನ ಹೆಂಡತಿಗೂ, ಹೇಳಿಲ್ಲ.

ದಿನಾಂಕ 26ರ ಸೋಮವಾರ ಬೆಳಿಗ್ಗೆ 4.40ಕ್ಕೆ ಹೋದೆನು. ಸೋಮವಾರ ಮೈದಾನಕ್ಕೆ ನೀರು ಬಿಡುವ ದಿನ. ನೀರು ಚಿಮ್ಮಿಸುವ ಕೊಳವೆಗಳು 4ರಿಂದ 5.15ರವರೆಗೆ ತಾವೇ ನಡೆಯುತ್ತವೆ, ಅವನ್ನು ನಿಲ್ಲಿಸಬೇಕೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಹುಲ್ಲೆಲ್ಲ ಒಂದೇ ಸಮ ಒದ್ದೆಯಾಗಿತ್ತು. ಇಬ್ಬನಿಯ ಗುರುತು ಯಾವುದೂ ಉಳಿದಿರಲಿಲ್ಲ. ದಕ್ಷಿಣದ ತುದಿಯನ್ನು ಮೂರು ಸಲ, ಕೊನೆಯ ಸಲ ಮಂಡಿಯೂರಿ, ಕೈಯಿಂದ ತಡವುತ್ತಾ ನೋಡಿದೆನು. ಏನೂ ಸಿಗಲಿಲ್ಲ. 5.40ಕ್ಕೆ ಅವನು ಬಂದನು. ಇವತ್ತು ಬೇಡ ಎನ್ನಲು ಬಾಯಿ ತೆರೆದೆನು. ಅವನು ಆಗಲೇ ಲೇಸು ಕಟ್ಟುತ್ತಿದ್ದನು.

ಹದಿಮೂರು ಚೆಂಡು ಹಿಡಿದನು. ಹದಿನಾಲ್ಕನೆಯದು ಗಾಳಿಗೆ ಸ್ವಲ್ಪ ಹಿಂದೆ ಹೋಯಿತು. ಅವನು ಮೇಲೆ ನೋಡುತ್ತಾ ನಾಲ್ಕು ಹೆಜ್ಜೆ ಹಿಂದಕ್ಕೆ ಓಡಿದನು. 60 ಗಜ ದೂರದಲ್ಲಿದ್ದ ನನಗೆ ಅವನ ಕಾಲಿನ ಸದ್ದು ಕೇಳಿಸಲಿಲ್ಲ. ಚೆಂಡು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಹದಿನೈದನೆಯದನ್ನು ನಾನು ಆಗಲೇ ಯಂತ್ರಕ್ಕೆ ಹಾಕಿಬಿಟ್ಟಿದ್ದೆನು, ಅದೂ ಹೋಗಿ ಅವನಿಂದ 3 ಗಜ ದೂರದಲ್ಲಿ ಬಿತ್ತು.

ಓಡಿ ಹೋಗಿ ನೋಡಿದರೆ ಅವನ ಎಡಗಾಲು ಗುಂಡಿಯಲ್ಲಿತ್ತು. ಈ ಗುಂಡಿಯ ಅಂಚು ನೆಟ್ಟಗಿತ್ತು, ಬೇರೆ ಸಲಿಕೆಯದು. ರಟ್ಟು ಮಾತ್ರ ಅದೇ ಪಿಜ್ಜಾ ಡಬ್ಬದ ಇನ್ನರ್ಧ, ಎರಡು ರಟ್ಟನ್ನೂ ಕಾಗದದ ಚೀಲದಲ್ಲಿ ತಂದು ಈ ಮೇಜಿನ ಮೇಲೆ ಇಟ್ಟಿದ್ದೇನೆ. ಆಂಬುಲೆನ್ಸ್ ಕರೆಯುತ್ತೇನೆ ಎಂದಾಗ ಜೊವಾನನು ನನ್ನ ಅಂಗಿ ಹಿಡಿದುಕೊಂಡು, "ನಾಳೆ ನಾಲ್ಕು ಗಂಟೆವರೆಗೆ ನನಗೇನೂ ಆಗಿಲ್ಲ ಸರ್" ಎಂದನು. ಗಾಯವಾದವರ ಪಟ್ಟಿಗೆ ಸೇರಿಸುವುದಿಲ್ಲವೇ, ಸಂಬಳ ಬರುವುದಿಲ್ಲವೇ ಎಂದು ಕೇಳಿದೆನು. "ಅದು ದೊಡ್ಡೋರಿಗೆ ಸರ್. ನನ್ನಂಥೋರಿಗೆ ಕೈಗೊಂದು ಟಿಕೆಟ್ ಕೊಟ್ಟು ಬಸ್ ಹತ್ತಿಸ್ತಾರೆ" ಎಂದನು. ಆಮೇಲೆ ಗುಂಡಿ ನೋಡಿ, ಇದನ್ನ ಯಾರೋ ತೋಡಿದ್ದಾರೆ, ಯಾರು ಸರ್ ಎಂದು ಕೇಳಿದನು. ಗೊತ್ತಿಲ್ಲ ಎಂದೆನು.

ಅವನ ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿದೆನು. ಅವನದು ಕ್ಲಚ್ ತುಳಿಯುವ ಹಳೆಯ ಕಾರು, ಎಡಗಾಲು ಬೇಕು. ನನ್ನದಕ್ಕೆ ಬೇಡ. ನನ್ನ ಕಾರಿನ ಕೀಲಿ ಕೊಟ್ಟೆನು. 6.35ಕ್ಕೆ ಹೊರಟನು. ಇಂದು ಬೆಳಿಗ್ಗೆ 11.20ಕ್ಕೆ ಫೋನು ಮಾಡಿ, ನಿನ್ನೆ ಹೊಟ್ಟೆನೋವು ಎಂದು ತಪ್ಪಿಸಿಕೊಂಡೆ, ಇವತ್ತು ಕೋಚ್ ಎದುರಿಗೆ ಓಡಿದೆ, ಡಾಕ್ಟರು ಶೂ ಬಿಚ್ಚು ಅಂದರು ಎಂದು ಹೇಳಿದನು. ಅಷ್ಟಕ್ಕೇ ಫೋನು ಇಟ್ಟನು.

ಅದಾದ ಮೇಲೆ ನಾನು ಠಾಣೆಗೆ ಬರಲು ನಿರ್ಧರಿಸಿದೆನು. ಕಾರು ಇಲ್ಲದ್ದರಿಂದ ಮಧ್ಯಾಹ್ನ 3ರ ಹೊತ್ತಿಗೆ ನಡೆದು ಹೊರಟಾಗ ಡುವೇನನು ತನ್ನ ಜಗುಲಿಯಿಂದ ಕೂಗಿ ಎಲ್ಲಿಗೋ ಎಂದು ಕೇಳಿದನು. ಶಾಲೆಯ ಕೀಲಿಗೊಂಚಲು ಕಳೆದುಹೋಗಿದೆ, ಠಾಣೆಯಲ್ಲಿ ಬರೆಸಬೇಕು ಎಂದೆನು. "ಈ ಬಿಸಿಲಲ್ಲಿ ನಡೀತೀಯಾ? ಹತ್ತು" ಎಂದನು. 2.3 ಮೈಲಿ ದಾರಿಯಲ್ಲಿ ಅವನೇ ರೇಡಿಯೋ ಹಚ್ಚಿದನು. ನನ್ನ ಮಡಿಲಲ್ಲಿದ್ದ ಚೀಲದಲ್ಲಿ ಏನಿದೆ ಎಂದು ಅವನು ಕೇಳಲಿಲ್ಲ. ಇಳಿಯುವಾಗ "ನಿಧಾನಕ್ಕೆ ಬಾ ಲೆನ್ನಿ, ರೇಡಿಯೋದಲ್ಲಿ 53ರ ಪಟ್ಟಿ ಬರೋವರೆಗೂ ಇಲ್ಲೇ ಇರ್ತೀನಿ" ಎಂದನು.

ನಾನು ಕೂತು ಬರೆಯುತ್ತಿರುವ ಕಿಟಕಿಯಿಂದ ಅವನ ಟ್ರಕ್ಕು ಸುಮಾರು 40 ಅಡಿ ದೂರದಲ್ಲಿದೆ. ಅವನ ಮೊಣಕೈ ಕಾಣುತ್ತಿದೆ. ನಮ್ಮ ಮನೆಯ ಇನ್ನೊಂದು ಕೀಲಿ 2003ರಿಂದ ಅವನ ಹತ್ತಿರವೇ ಇದೆ. ಜೂನ್ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಅವನು ಅವಳಿಗೆ ಏನೂ ಮಾಡುವವನಲ್ಲ ಎಂದು ಬರೆಯಲು ಹೊರಟು, ಹೋದ ವಾರ ಕೇಳಿದ್ದರೆ ಗುಂಡಿಯ ವಿಷಯದಲ್ಲೂ ಹಾಗೇ ಬರೆದುಕೊಡುತ್ತಿದ್ದೆನೆಂದು ನೆನಪಾಯಿತು. ಆದ್ದರಿಂದ ಅವಳ ಹತ್ತಿರ ಯಾರನ್ನಾದರೂ ಕಳಿಸಬೇಕೆಂದೂ, ನನ್ನನ್ನು ಹಿಂದಿನ ಬಾಗಿಲಿನಿಂದ ಬಿಡಬೇಕೆಂದೂ ಕೇಳಿಕೊಳ್ಳುತ್ತೇನೆ.

ಈಗ 4 ಗಂಟೆ 6 ನಿಮಿಷ. ಹೊರಗೆ ಹಾರ್ನ್ ಮೂರು ಸಲ ಆಯಿತು. ಜೊವಾನ್ ಪೆಟ್ವೇ ಪಟ್ಟಿಯಲ್ಲಿ ಇಲ್ಲವೆಂದು ನನಗೆ ಇದರಿಂದ ತಿಳಿದಿದೆ. ಎದುರಿನ ಮೇಜಿನ ಅಧಿಕಾರಿಗಳು ತಲೆಯೆತ್ತಿ, ಕ್ರೌಡರ್ ಬಂದ್ನಾ ಎಂದು ಪಕ್ಕದವರನ್ನು ಕೇಳಿದರು. ಅವರ ಮುಖದಲ್ಲಿ ಸಂತೋಷವಿತ್ತು. ಅವರನ್ನು ದೂರುತ್ತಿಲ್ಲ. ಈ ಕಾಗದವನ್ನು ಅವರ ಕೈಗೇ ಕೊಡಬೇಕಾಗಿದೆ, ಅದಕ್ಕಾಗಿ ಬರೆದೆನು.

ಈ ಹದಿನೈದು ದಿನದಲ್ಲಿ ನಾನು ನಾಲ್ಕು ಸುಳ್ಳು ಹೇಳಿದ್ದೇನೆ. ಮೂರು ಜೊವಾನನಿಗೆ, ಒಂದು ಡುವೇನನಿಗೆ. ನಾಲ್ಕನ್ನೂ ಮೇಲೆ ತಾರೀಖು ಸಮೇತ ಬರೆದಿದ್ದೇನೆ. ಐದನೆಯದು ಈ ಹೇಳಿಕೆಯಲ್ಲಿ ಇಲ್ಲ. ಓದಿ ನೋಡಿ ಸಹಿ ಮಾಡಿರುತ್ತೇನೆ.

ಸ್ಥಳ: ಹಾರ್ಲನ್ ಫಾಲ್ಸ್
ದಿನಾಂಕ: 27-8-2024, ಸಂಜೆ 4 ಗಂಟೆ 11 ನಿಮಿಷ
ಸಹಿ: ಲಿಯೋನಾರ್ಡ್ ಪ್ರುಸಾಕ್