ದೇವಾಪುರದ ಗೌಡ್ರ ಕಾರಿನ ಗೇರ್‌ಬಾಕ್ಸ್

ಕಂದೀಲು ಜರಾ ಸಣ್ಣ ಮಾಡ್ರಿ… ಹಾಂ, ಸಾಕು. ಇದು ನಮ್ಮ ದೊಡ್ಡವ್ವನ ಮಗ ಈಶಪ್ಪಗ ಆದದ್ದು. ನಗೂದಿದ್ರ ಈಗ ನಕ್ಕುಬಿಡ್ರಿ, ಆಮ್ಯಾಲ ಆಗಾಂಗಿಲ್ಲ.

ಕೆನಾಲ್ ಕೆಲಸ ಜೋರು ನಡೆದ ಕಾಲ. ಹುಣಸಗಿ ಕ್ಯಾಂಪಿನ ಶೆಡ್ಡಿನಾಗ ಈಶಪ್ಪ ಮಿಸ್ತ್ರಿ. ಅವತ್ತ ರಾತ್ರಿ ಭಾಳ ಹೊತ್ತಾಗಿತ್ತು, ಅಂವ ಒಬ್ಬನ ಮನಿಗಿ ಹೊಂಟಿದ್ದ. ಆಲದ ಮರದ ಕೆಳಗಿನ ಹಾಳು ಬಾವಿ ಹತ್ರ ಬಂದ… ಹಿಂದಿನಿಂದ ಸಪ್ಪಳ. ಟಕ್.

ನಿಂತ. ಬಾವ್ಯಾಗ ಕಪ್ಪಿ ವಟಗುಟ್ಟೂದು ನಿಂತಿತ್ತು. ಮತ್ತ… ಟಕ್.

ಬಾವೀದಲ್ಲ, ಶೆಡ್ಡಿನ ಕಡೀದು. ಆ ಸಪ್ಪಳ ಅಂವಗ ಚಲೋ ಗೊತ್ತಿತ್ತು. ಗೇರ್‌ಬಾಕ್ಸಿನ ಮುಂದ ಒಂದು ದಪ್ಪ ಡಬ್ಬಿ ಇರ್ತದ, ಕನ್ವರ್ಟರ್ ಅಂತಾರ. ಅದನ್ನ ತಿರುವಿ ತಿರುವಿ ಒಳಗ ಒತ್ತಿದ್ರ ಹಲ್ಲಿಗಿ ಹಲ್ಲು ಕೂಡ್ತಾವ, ಆವಾಗ ಟಕ್ ಅಂತದ. ಆದ್ರ ಶೆಡ್ಡಿಗಿ ಕೀಲಿ ಹಾಕಿ ಬಂದವ ಈಶಪ್ಪನ. ಕೀಲಿಕೈ ಕಿಸೇದಾಗ ಅದ.

ಆ ಕೆಲಸ ಅಷ್ಟು ಸಮಾಧಾನದಿಂದ ಮಾಡಾವ ಈ ಸೀಮಿಯೊಳಗ ಒಬ್ಬನ ಇದ್ದ, ನಸೀರುದ್ದೀನ. ಅಂವ ಹೋದ ತಿಂಗಳ ಕಾಮಾಲಿ ಬ್ಯಾನಿಲೆ ಸತ್ತಿದ್ದ…

ಈಶಪ್ಪ, ನಸೀರ ಇಬ್ರೂ ಸುರಪುರದ ಅಮೀನುದ್ದೀನ ಉಸ್ತಾದನ ಕೈಯಾಗ ಕಲ್ತವ್ರು. ಹೈದರಾಬಾದಿಂದ ಬಂದ ಹಳೇ ಅಮೇರಿಕಾ ಕಾರು ರಿಪೇರಿ ಅಂದ್ರ ಇವರ. ಆ ಕಾರಿಗಿ ಕ್ಲಚ್ಚಿಲ್ಲ, ಗೇರು ತಾನ ಬೀಳ್ತಾವ. ಅಂಥ ಗೇರ್‌ಬಾಕ್ಸ್ ನೋಡಾಕ ಎಲ್ಲಾ ಒಂದ ನಮೂನಿ, ಯಾವ ಇಂಜಿನ್ನಿಗಿ ಯಾವುದು ಕೂಡ್ತದ ಅನ್ನೂದ ತ್ರಾಸು. ನಸೀರ ಗುಜರಿ ರಾಶಿಯೊಳಗ ಕೈ ಹಾಕಿ, ಗೇರ್‌ಬಾಕ್ಸಿನ ಹೊಟ್ಟಿ ಸವರಿ, ತಳದ ಎಣ್ಣಿ ತಾಟು ಚೌಕ ಅದನೋ ಮೂಲಿ ಕತ್ತರಿಸಿದಂಗ ಅದನೋ ನೋಡಿ, "ಇದು ಆ ಇಂಜಿನ್ನಿಂದು" ಅಂತಿದ್ದ. ಒಮ್ಮಿನೂ ತಪ್ಪಲಿಲ್ಲ. ಇನ್ನ ಕೂಡ್ಸುವಾಗ ಜಾಕ್ ಗೀಕ್ ಏನಿಲ್ಲ. ನಸೀರ ಗಾಡಿ ಕೆಳಗ ಅಂಗಾತ ಮಲಗಿ ಅಷ್ಟು ಭಾರ ಎದಿ ಮ್ಯಾಲ ಹೊರತಿದ್ದ, ಈಶಪ್ಪ ಬೋಲ್ಟ್ ಬಿಗೀತಿದ್ದ. "ನಾ ಹಿಡದೀನಿ, ನೀ ಬಿಗಿ" ಅನ್ನಾವ.

ಶಾಬಾಸ್ ಮಾತ್ರ ನಸೀರಗ. ಅಲ್ಲಿಂದ ಶುರುವಾತು ನೋಡ್ರಿ ಹೊಟ್ಟಿಕಿಚ್ಚು! ಮನ್ಯಾಗ ಹೆಂಡ್ತಿ ದೇವಕಮ್ಮ ಸುದ್ದಾ, "ತಿಳೀದಿದ್ರ ನಸೀರಣ್ಣಗ ಕೇಳ್ರಲಾ" ಅಂದ್ಲಂದ್ರ, ಉಂಡ ರೊಟ್ಟಿ ಮೈಗಿ ಹತ್ತತಿರಲಿಲ್ಲ. ನಸೀರ ಸತ್ತಾಗ ಈಶಪ್ಪ ಅತ್ತ, ಖರೇ. ಅಳ್ಕೋಂತನ ಒಂದೀಟು ಹಗುರಾದ, ಅದೂ ಖರೇ.

ದೇವಾಪುರದ ಗುರಣ್ಣಗೌಡ್ರ ಕಾರು ಶೆಡ್ಡಿನಾಗ ನಿಂತಿತ್ತು. ಅದು ನಡೆದ್ರ ಈಶಪ್ಪಗ ದೊಡ್ಡ ಮಿಸ್ತ್ರಿ ಜಾಗ ಅಂತ ಕ್ಯಾಂಪಿನ ಸಾಹೇಬ್ರು ಅಂದಿದ್ರು. ಬೆಳಗಾದ್ರ ಗೌಡ್ರು ಬರಾವ್ರು. ನಸೀರ ಸಾಯೂಕಿಂತ ಮೊದ್ಲ ಆ ಕಾರಿನ ಗೇರ್‌ಬಾಕ್ಸ್ ಆರಿಸಿ ಸುಣ್ಣದ ಗುರ್ತು ಹಾಕಿಟ್ಟಿದ್ದ. ಅದನ್ನ ಎತ್ತಿ ಕೂಡ್ಸಿದ್ರ ಮುಗೀತಿತ್ತು. ಈಶಪ್ಪಗ ಕೈ ಬರಲಿಲ್ಲ. ಸತ್ತವನ ಗುರ್ತಿಲೆ ನಾ ಯಾಕ ದೊಡ್ಡಾಂವ ಆಗ್ಲಿ ಅಂದ, ಬಾಜೂದ್ದು ಎತ್ತಿದ. ತೂತಿಗಿ ತೂತು ಕೂಡವಲ್ಲವು. ಒಂದ ಒಂದು ಬೋಲ್ಟ್ ಹೋಗಲಿಲ್ಲ. ಕೆಳಗ ಕಟಿಗಿ ಕೊರಡು ಆನಿಸಿಟ್ಟು, ಹಲ್ಲು ಕಡಕೋಂತ ಮನಿಗಿ ಹೊಂಟಿದ್ದ. ಆ ರಾತ್ರಿನ ಇದು.

ಸಪ್ಪಳ ಕೇಳಿ ಶೆಡ್ಡಿಗಿ ತಿರುಗಿ ಹೋದ. ಹಾಕಿದ ಕೀಲಿ ಹಾಕಿದಂಗ ಇತ್ತು. ತಗದ, ಕೈಯಾಗಿನ ಬ್ಯಾಟರಿ ಬೆಳಕು ಬಿಟ್ಟ. ಕಾರಿನ ಕೆಳಗಿಂದ ಉಸಿರು… ಭಾರ ಹೊತ್ತವ ಬಿಡೂ ಉಸಿರು. ಹ್ಞ… ಹ್ಞ…

"ಈಶ್ಯಾ… ತಪ್ಪು ತಂದೀಯಲೋ."

ಈಶಪ್ಪ ಬಾಗಲದಾಗ ನಿಂತಲ್ಲಿಂದನ ಅಂದ, "ಗೊತ್ತದ…"

"ನಂದು ಹಾಕು. ಸುಣ್ಣ ಹಚ್ಚಿದ್ದು."

ಜೀವ ಬಾಯಿಗಿ ಬಂದ ಹೊತ್ತಿನ್ಯಾಗೂ ಹೊಟ್ಟಿಕಿಚ್ಚು ಬಿಡಲಿಲ್ಲ ನೋಡ್ರಿ ಅವಂಗ! "ಹಾಕಾಂಗಿಲ್ಲ," ಅಂದ.

ಕೆಳಗ ಮತ್ತ ಹ್ಞ… ಅಂತ ಭಾರ ಎತ್ತಿದ ಸಪ್ಪಳ. ಆಮ್ಯಾಲ…

"ಹಂಗಾರ ನಾ ಹಿಡದೀನಿ. ನೀ ಹೋಗು."

ಈಶಪ್ಪ ಬಾಗಲ ತೆರದದ್ದು ತೆರದಂಗ ಬಿಟ್ಟು ಓಡಿದ.

ಮುಂಜಾನೆ ಅಂಜಕೋಂತ ಬಂದು ನೋಡ್ತಾನ, ಗೌಡ್ರು ಆಗಲೇ ಸ್ಟೇರಿಂಗ್ ಹಿಡದು ಕುಂತಾರ. ಕಟಿಗಿ ಕೊರಡು ಯಾರೋ ಎತ್ತಿ ಗ್ವಾಡಿಗಿ ಆನಿಸಿಟ್ಟಾರ. ಸುಣ್ಣದ ಗುರ್ತಿಂದು ಮಾತ್ರ ಇಟ್ಟಲ್ಲೇ ಅದ. "ಗೌಡ್ರ, ಬ್ಯಾಡ್ರಿ…" ಅನ್ನೂದ್ರಾಗ ಗಾಡಿ ಚಾಲೂ ಆತು. ಒಂಚೂರು ಜಗ್ಗಲಿಲ್ಲ, ಕೆನಾಲ್ ರಸ್ತೆಗುಂಟ ನೀರು ಹರದಂಗ ಹೋತು.

"ಭಲೇ ಈಶಪ್ಪ!" ಅಂದ್ರು ಗೌಡ್ರು. "ನಸೀರ ಇದ್ರೂ ಹಿಂಗ ಕೂಡ್ಸತಿರಲಿಲ್ಲ ಬಿಡು!"

ಹುಟ್ಟಿದಾಗಿಂದ ಕೇಳ್ಬೇಕಂತಿದ್ದ ಮಾತು. ಕೇಳಿದ… ಹೇಲು ತಿಂದಂಗಾತು.

ದೊಡ್ಡ ಮಿಸ್ತ್ರಿ ಆದ. ಆ ಕಾರು ಶಹಾಪುರ, ಕೊಡೇಕಲ್, ಯಾದಗಿರಿ ಎಲ್ಲಾ ಕಡೆ ವರ್ಷಾನುಗಟ್ಲೆ ಓಡ್ತು. ಅದರ ಕೆಳಗ ಮಾತ್ರ ಈಶಪ್ಪ ಇಣುಕಲಿಲ್ಲ, ಇನ್ನೊಬ್ರಿಗಿ ಇಣುಕಾಕ ಬಿಡಲಿಲ್ಲ. ಮನಿ ಮುಂದ ಅದರ ಹಾರ್ನ್ ಕೇಳಿದ್ರ ದೇವಕಮ್ಮ, "ನಿಮ್ಮ ಗಾಡಿ ಬಂತ್ರೀ" ಅಂತಿದ್ಲು. ಅಂವ ಉಣ್ಣೂ ಗಂಗಾಳ ಸರಿಸಿ ಏಳತಿದ್ದ. "ಸತ್ತ ಮ್ಯಾಲೂ ನನಗ ಗೆಲ್ಲಾಕ ಬಿಡಲಿಲ್ಲಲೇ ನಸೀರ್ಯಾ," ಅಂತ ಒಳಗೊಳಗ ಗೊಣಗಾವ.

ಈಶಪ್ಪ ತೀರಿಕೊಂಡ ದಿವಸ ನಾ ಮಣ್ಣು ಮುಗಿಸಿ ದೇವಾಪುರದ ಮ್ಯಾಲಿಂದ ಬರಾಕತ್ತಿದ್ದೆ. ಗೌಡ್ರ ಅಂಗಳದಾಗ ಮಂದಿ ಕೂಡಿತ್ತು. ನಿಂತ ಕಾರಿನ ಗೇರ್‌ಬಾಕ್ಸ್ ಧಡ್ ಅಂತ ನೆಲಕ್ಕ ಬಿದ್ದಿತ್ತಂತ, ಈಶಪ್ಪನ ಉಸಿರು ನಿಂತ ಹೊತ್ತಿನ್ಯಾಗ. ಬೋಲ್ಟಿನ ತೂತು ಎಲ್ಲಾ ಖಾಲಿ, ಒಳಗ ಹಳೇ ತುಕ್ಕು. ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ. ನಾ ಗೇರ್‌ಬಾಕ್ಸ್ ಮಗ್ಗಲಿಗಿ ಹೊಳ್ಳಿಸಿ ಕೈಲೆ ಮುಟ್ಟಿ ನೋಡೀನಿ. ತಳದ ತುಂಬ ಬಟ್ಟು ದಪ್ಪ ಎಣ್ಣಿ ಜಿಡ್ಡು ಇತ್ತು. ನಡುವ, ಒಬ್ಬ ಗಂಡಸಿನ ಎದಿ ಅಗಲದಷ್ಟು ಜಾಗ, ಅಂಗಿಲೆ ಒರಸಿದಂಗ ಸ್ವಚ್ಛ ಇತ್ತು.