ಸೊಪ್ಪಿನ ಕಟ್ಟಿನ ಸದ್ದು

ಘಾಟಿಯ ನೆತ್ತಿಯಲ್ಲಿ ಮಳೆ ಮೇಲಿಂದ ಬೀಳುವುದಿಲ್ಲ, ಎದುರಿನಿಂದ ಬರುತ್ತದೆ. ಸಂಜೆ ನಾಲ್ಕೂವರೆಗೇ ಸೈಕಲ್ ರಿಪೇರಿಯ ತಾತ ಅಂಗಡಿಯ ದೀಪ ಹಾಕಿ ಶಟರನ್ನು ಅರ್ಧಕ್ಕೆ ಎಳೆದ. ಒಳಗಿದ್ದದ್ದು ನಾಲ್ಕೇ ಜನ. ತಾತ, ಟೀ ಲೋಟ ಹಿಡಿದು ಹಳೇ ಟೈರುಗಳ ರಾಶಿಯ ಮೇಲೆ ಕೂತಿದ್ದ ಹಾಲಿನ ವ್ಯಾನಿನ ಡ್ರೈವರ್, ಮತ್ತೆ ಬೆಳಿಗ್ಗೆ ಘಾಟಿಯ ಕೆಳಗಿನಿಂದ ಸೈಕಲ್ ತುಳಿದು ಹತ್ತಿ ಬಂದಿದ್ದ ಅಕ್ಕ, ತಮ್ಮ.

ಅಕ್ಕ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಯಾರನ್ನು ಕಂಡರೂ ಮುಖಕ್ಕಿಂತ ಮೊದಲು ಮೂಳೆ ನೋಡುವ ಚಾಳಿ ಅವಳದು. ತಾತ ಕುಂಟುತ್ತ ಬಾಗಿಲಿಗೆ ಬಂದಾಗಲೇ ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದಳು: ಎಡತೊಡೆ, ಹಳೇ ಮುರಿತ, ವಾರೆಯಾಗಿ ಕೂಡಿದೆ. ತಮ್ಮನ ಮೂಳೆಗಳಂತೂ ಅವಳಿಗೆ ಬಾಯಿಪಾಠ. ಎರಡು ವರ್ಷದಲ್ಲಿ ಅವನ ಭುಜದ ಚಿತ್ರ ಎರಡು ಸಲ, ಮಣಿಕಟ್ಟಿನದ್ದು ಒಂದು ಸಲ ಅವಳೇ ತೆಗೆದಿದ್ದಳು. ನಾಲ್ಕನೇ ಸಲ ತಲೆಯದ್ದೇ ತೆಗೆಯಬೇಕಾದೀತು ಅನ್ನುವ ಭಯ ಈಚೆಗೆ ಅವಳ ಊಟ, ನಿದ್ದೆ ಎರಡರಲ್ಲೂ ಬಂದು ಕೂರುತ್ತಿತ್ತು. ಈ ಸವಾರಿಗೆ ಅವಳು ಬಂದದ್ದೂ ಅವನನ್ನು ಕಾಯುವುದಕ್ಕೇ.

"ತಾತ, ಹಿಂದಿನ ಬ್ರೇಕು ಎಲ್ಲೋ ಹಿಡೀತಿದೆ," ಅಂದ ತಮ್ಮ. "ಬೆಳಿಗ್ಗೆ ಒಂದ್ಸಲ ಇಳಿದು ಹತ್ತಿ ಬಂದೆ. ಒಂಬತ್ತು ಸೆಕೆಂಡು ಇದರಿಂದಲೇ ಹೋಯ್ತು. ಸ್ವಲ್ಪ ಸಡಿಲ ಮಾಡಿ, ಕತ್ತಲಾಗೋದ್ರೊಳಗೆ ಇನ್ನೊಂದ್ಸಲ ಇಳೀತೀನಿ."

"ಈ ಮಳೇಲಾ?" ಅಂದಳು ಅಕ್ಕ.

"ಮಳೇಲಿ ಇಳಿದವರು ಈ ಪಟ್ಟೀಲಿ ಒಬ್ಬರೂ ಇಲ್ಲ ಕಣೇ."

ಅವನ ಫೋನಿನಲ್ಲಿ ಒಂದು ಪಟ್ಟಿ ಇತ್ತು. ಘಾಟಿಯ ಇಪ್ಪತ್ತೆರಡು ತಿರುವುಗಳನ್ನು ಯಾರು ಎಷ್ಟು ಬೇಗ ಇಳಿದರು ಎಂದು. ಅವನು ಎರಡನೆಯವನು.

"ಮೊದಲು ಬಂದ್ರೆ ಏನು ಕೊಡ್ತಾರೆ?" ಡ್ರೈವರ್ ಕೇಳಿದ.

"ಏನೂ ಕೊಡಲ್ಲ."

"ಹಾಗಾದ್ರೆ ಎರಡನೇದು ಏನು ಕಮ್ಮಿ ಆಯ್ತಪ್ಪ?"

ತಾತ ಸೈಕಲನ್ನು ಕೊಕ್ಕೆಗೆ ನೇತುಹಾಕಿ ಹಿಂದಿನ ಚಕ್ರವನ್ನು ಬೆರಳಿನಿಂದ ತಟ್ಟಿದ. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಡ್ರೈವರ್ ಟೀ ಮುಗಿಸಿ ಲೋಟ ಕೆಳಗಿಟ್ಟರೂ ನಿಲ್ಲಲಿಲ್ಲ.

"ಎಲ್ಲೂ ಹಿಡೀತಿಲ್ಲವಲ್ಲ. ಎಲ್ಲಿ ಶುರುವಾಯ್ತು?"

"ಒಂಬತ್ತನೇ ತಿರುವಲ್ಲಿ. ಯಾರೋ ಹಿಂದಿನಿಂದ ಎಳೆದ ಹಾಗೆ ಭಾರ. ಏನೋ ನೆಲಕ್ಕೆ ಉಜ್ಜಿದ ಸದ್ದು ಬೇರೆ."

ತಾತ ಅಂಗೈಯಿಟ್ಟು ಚಕ್ರ ನಿಲ್ಲಿಸಿದ. ತೆಗೆಯುವುದನ್ನು ಮರೆತವನ ಹಾಗೆ ಕೈಯನ್ನು ಅಲ್ಲೇ ಬಿಟ್ಟ.

"ಇದು ಬ್ರೇಕಲ್ಲ," ಅಂದ.

ಡ್ರೈವರ್ ತೊಡೆ ತಟ್ಟಿ ನಕ್ಕ. "ಬಂತು ನೋಡಿ ಗೀಜಗನ ಕತೆ! ಹಗ್ಗ ಹರಿದು ಸತ್ತನಲ್ಲ, ಅವನ ದೆವ್ವ. ನಮ್ಮಪ್ಪ ಹೇಳ್ತಿದ್ರು."

"ನಿಮ್ಮಪ್ಪನಿಗೆ ಹೇಳಿದ್ದು ನಾನೇ," ಅಂದ ತಾತ. ಸ್ಟೂಲು ಎಳೆದು, ಕುಂಟು ಕಾಲು ಮುಂದೆ ಚಾಚಿ ಕೂತ. "ಸುಳ್ಳು ಹೇಳಿದ್ದೆ. ಹಗ್ಗ ಹರೀಲಿಲ್ಲ."

ಮಳೆ ಶಟರಿಗೆ ಹಿಡಿಹಿಡಿ ಜಲ್ಲಿ ಎರಚಿದಂತೆ ಬಡಿಯುತ್ತಿತ್ತು. ಎಲ್ಲರೂ ತಾವಾಗಿಯೇ ಸ್ವಲ್ಪ ಹತ್ತಿರ ಸರಿದರು.

"ಮರಿ, ಬ್ರೇಕು ಅಂದ್ರೆ ನಿನಗೆ ಎರಡು ಬೆರಳಿನ ಕೆಲಸ. ನಮ್ಮ ಕಾಲದಲ್ಲಿ... ಐವತ್ತೈದು ವರ್ಷದ ಹಿಂದಿನ ಮಾತು, ನಿಮ್ಮಪ್ಪ ಇನ್ನೂ ಚಡ್ಡಿ ಹಾಕೋದು ಕಲಿತಿದ್ನೋ ಇಲ್ವೋ... ಎರಡು ತುಂಡು ರಬ್ಬರು, ಒಂದು ಕಬ್ಬಿಣದ ಕಡ್ಡಿ, ಅಷ್ಟೇ. ಐದನೇ ತಿರುವಿಗೆ ರಬ್ಬರಿಂದ ಹೊಗೆ ಬರೋದು. ಅದರ ಮೇಲೆ ನಾವು ಒಯ್ತಿದ್ದದ್ದು ಏನು ಗೊತ್ತಾ? ಮೊಟ್ಟೆ. ಮೇಲಿನ ಕೋಳಿ ಫಾರಂಗಳಿಂದ ಕೆಳಗೆ ಬಂದರಿನ ಹೋಟೆಲುಗಳಿಗೆ. ಕ್ಯಾರಿಯರ್ ಎರಡೂ ಕಡೆ ಬುಟ್ಟಿ, ಬುಟ್ಟಿ ತುಂಬ ಹುಲ್ಲು, ಹುಲ್ಲೊಳಗೆ ಮೊಟ್ಟೆ. ದಿನಾ ಹದಿನಾಲ್ಕು ಸೈಕಲ್. ಮೊಟ್ಟೆ ಕಟ್ಕೊಂಡು ಇಳಿಯೋನಿಗೆ ನಿನ್ನ ಹಾಗೆ ಪೌರುಷ ಬರುತ್ತಾ ಹೇಳು? ಅದಕ್ಕೆ ಇಲ್ಲೇ, ಈ ನೆತ್ತೀಲಿ ನಿಂತು, ಪೊದೆಗಳಿಂದ ಸೊಪ್ಪಿನ ಕೊಂಬೆ ಕಡಿದು, ಆಳುದ್ದದ ಕಟ್ಟು ಮಾಡಿ, ಹಗ್ಗ ಹಾಕಿ ಸೈಕಲ್ ಹಿಂದಕ್ಕೆ ಕಟ್ಟೋದು. ಅದು ನೆಲಕ್ಕೆ ಉಜ್ಜುತ್ತಾ ಹಿಂದೆ ಬರುತ್ತೆ, ಸೈಕಲ್ ಓಡದ ಹಾಗೆ ಹಿಡಿಯುತ್ತೆ. ಅದೇ ನಮ್ಮ ಬ್ರೇಕು. ಹದಿನಾಲ್ಕು ಕಟ್ಟು ಒಂದರ ಹಿಂದೆ ಒಂದು ಇಳಿದ್ರೆ... ಆಹಾ... ಇಡೀ ರಸ್ತೆ ಗುಡಿಸಿದ ಹಾಗೆ. ಜಜ್ಜಿದ ಸೊಪ್ಪಿನ ವಾಸನೆ, ಸರ್ರ್... ಸರ್ರ್... ಅಂತ ಸದ್ದು, ಮುಂದಿನವನು ಹಾಡಿದ್ರೆ ಹಿಂದಿನವನು ಬೈಯೋನು. ಕೆಳಗೆ ಟೀ ಅಂಗಡಿ ಅಜ್ಜಿ ಕಟ್ಟುಗಳನ್ನೆಲ್ಲ ಬಿಚ್ಚಿಸಿಕೊಂಡು ಒಲೆಗೆ ಒಣಗಿಸೋಳು, ಬದಲಿಗೆ ನಮಗೆ ಟೀ. ಆಮೇಲೆ ಸೈಕಲನ್ನ ಹೆಗಲಿಗೇರಿಸಿ ಕಾಲುದಾರಿ ಹಿಡಿದು ಹತ್ತೋದು, ಮೂರು ಗಂಟೆ ನಡಿಗೆ. ಕತ್ತೆ ದುಡಿತ. ಆದ್ರೂ ನೋಡಿ... ಇವತ್ತಿಗೂ ಕನಸಲ್ಲಿ ನಾನು ಎರಡೂ ಕಾಲಲ್ಲಿ ನೆಟ್ಟಗೆ ಆ ದಾರಿ ಹತ್ತುತ್ತಾ ಇರ್ತೀನಿ."

ನೆನಪು ತಾತನ ಮುಖವನ್ನು ಸ್ವಲ್ಪ ಹೊತ್ತು ಎಳೆಯದಾಗಿ ಮಾಡಿತ್ತು. ಆಮೇಲೆ ಮುಖ ತನ್ನ ವಯಸ್ಸಿಗೆ ವಾಪಸಾಯಿತು.

"ಗೀಜಗ ನನ್ನ ಜೊತೆಗಾರ. ಗೂಡು ನೇಯೋ ಹಕ್ಕಿ ಹೆಸರು ಸುಮ್ಮನೆ ಬರಲಿಲ್ಲ ಅವನಿಗೆ. ಅವನು ಹಾಕಿದ ಗಂಟನ್ನ ಅವನೇ ಬಿಚ್ಚಬೇಕು. ನನ್ನ ಕಟ್ಟನ್ನೂ ದಿನಾ ಅವನೇ ಕಟ್ಟೋನು, ನಾನು ಬೀಡಿ ಸೇದ್ತಾ ಯಜಮಾನನ ಹಾಗೆ ನಿಂತಿರೋನು. ನಮ್ಮಕ್ಕನ್ನ ಅವನಿಗೆ ಕೊಡೋದು ಅಂತ ಮಾತಾಗಿತ್ತು. ಮದುವೆಗೆ ಮೊದಲೇ ನಾನು 'ಭಾವ' ಅಂದ್ರೆ ಅವನು ಕಿವಿ ಕೆಂಪು ಮಾಡ್ಕೊಂಡು ಬೇರೆ ಕಡೆ ನೋಡೋನು.

"ಆ ದಿನ ಅವನ ಹೆಬ್ಬೆರಳು ಚೈನಿಗೆ ಸಿಕ್ಕಿ ಜಜ್ಜಿಹೋಗಿತ್ತು. 'ಇವತ್ತು ನೀನು ಕಟ್ಟೋ' ಅಂದ. ಅಷ್ಟು ವರ್ಷದಲ್ಲಿ ಅವನು ಕೇಳಿದ್ದು ಅದೊಂದೇ ಸಲ. ಮಳೆ ಹನೀತಿತ್ತು, ಉಳಿದವರು ಆಗಲೇ ಇಳಿದಿದ್ರು, ನನಗೆ ಆತುರ. ಒಂದು ಜಾರುಗಂಟು ಎಳೆದೆ. ನಾಲ್ಕನೇ ತಿರುವಲ್ಲಿ ನೀರು ಕುಡಿಯೋಕೆ ನಿಲ್ತೀವಲ್ಲ, ಆಗ ಸರಿಯಾಗಿ ಹಾಕಿದ್ರಾಯ್ತು ಅಂತ. 'ಗಟ್ಟಿ ಇದೆಯೇನೋ?' ಅಂದ. 'ನಮ್ಮಕ್ಕ ನಿನ್ನ ಕಟ್ಕೊಳ್ಳೋದಕ್ಕಿಂತ ಗಟ್ಟಿ, ನಡಿ ಭಾವ' ಅಂದೆ. ನಕ್ಕ... ನಾಲ್ಕನೇ ತಿರುವಿಗೆ ಮಳೆ ಜೋರಾಯ್ತು. ನಿಲ್ಲಲಿಲ್ಲ. ಗಂಟಿನ ವಿಷಯ ನನಗೆ ಮರೆತೇಹೋಯ್ತು.

"ನಾನು ಮುಂದೆ, ಅವನು ಹಿಂದೆ. ತಿರುಗಿ ನೋಡೋದೇನೂ ಬೇಕಿಲ್ಲ, ಸದ್ದೇ ಸಾಕು. ಎಂಟನೇ ತಿರುವು... ಸರ್ರ್... ಸರ್ರ್... ಎರಡು ಕಟ್ಟಿನ ಸದ್ದು. ಒಂಬತ್ತನೇದು ಬಂತು... ಒಂದೇ ಸದ್ದು. ನನ್ನದು ಮಾತ್ರ. ಅವನು ಕೂಗಲಿಲ್ಲ. ಬೆಲ್ ಒಂದ್ಸಲ ಹೊಡೆದ. ಆ ರಸ್ತೆ ಎಷ್ಟು ಅಗಲ ಅಂತ ನೀವೇ ನೋಡಿದೀರ. ಗುಡ್ಡದ ಕಡೆ ನಾನಿದ್ದೆ. ಬಂದು ನನಗೆ ಗುದ್ದಿದ್ರೆ ಅವನು ನಿಲ್ತಿದ್ದ, ನಾನು ಹೋಗ್ತಿದ್ದೆ. ಅವನು ಕಣಿವೆ ಕಡೆಗೆ ತಿರುಗಿಸಿದ.

"ಮೂರನೇ ದಿನ ಸಿಕ್ಕಿದ. ಬುಟ್ಟೀಲಿ ಹನ್ನೊಂದು ಮೊಟ್ಟೆ ಒಡೆದೇ ಇರಲಿಲ್ಲ. ಅಷ್ಟು ಚೆನ್ನಾಗಿ ಹುಲ್ಲು ತುಂಬಿದ್ದ."

ಡ್ರೈವರ್ ಖಾಲಿ ಲೋಟವನ್ನು ಮತ್ತೆ ಕೈಗೆತ್ತಿಕೊಂಡಿದ್ದ.

"ಜನ ಬರೋ ಮೊದಲು ನಾನು ಮೇಲೆ ಓಡಿದ್ದೆ. ಎಂಟನೇ ತಿರುವು ದಾಟಿದ ಕಡೆ ಕಟ್ಟು ಬಿದ್ದಿತ್ತು, ಹಗ್ಗ ಇಡಿಯಾಗಿತ್ತು. ಹಗ್ಗ ಕುಯ್ದು, ತುದಿಯನ್ನ ಕಲ್ಲಿಗೆ ಉಜ್ಜಿದೆ. ಎಲ್ಲರೂ ಬಂದು ನೋಡಿ ಹಗ್ಗ ಹರೀತು ಅಂದ್ರು. ನಾನೂ ಹೂಂ ಅಂದೆ. ನಮ್ಮಕ್ಕ ಒಬ್ಬಳೇ 'ಅವನು ಹಳೇ ಹಗ್ಗ ಇಟ್ಕೊಳ್ಳೋನಲ್ಲ' ಅಂದಳು. ಒಂದೇ ಸಲ. ಮತ್ತೆ ಕೇಳಲಿಲ್ಲ. ಬೇರೆ ಕಡೆ ಮದುವೆಯಾದಳು, ಮೊಮ್ಮಕ್ಕಳನ್ನ ಕಂಡಳು, ಹೋದ ವರ್ಷ ತೀರಿಕೊಂಡಳು. ಅವಳಿಗೆ ಹೇಳಬೇಕಾಗಿದ್ದದ್ದನ್ನ ಈಗ ನಿಮಗೆ ಹೇಳ್ತಿದೀನಿ.

"ಒಂದು ತಿಂಗಳಾದ ಮೇಲೆ ಮತ್ತೆ ಇಳಿದೆ. ಕಟ್ಟು ಇಲ್ಲದೆ. ಹಗ್ಗ ಮುಟ್ಟೋಕೆ ಕೈ ಬರಲಿಲ್ಲ, ಬಿದ್ರೆ ಬೀಳ್ತೀನಿ ಅಂದ್ಕೊಂಡೆ. ಎಂಟನೇ ತಿರುವಿಗೆ ರಬ್ಬರು ಸುಟ್ಟುಹೋಯ್ತು. ಒಂಬತ್ತನೇದರಲ್ಲಿ... ಯಾರೋ ಹಿಂದಿನಿಂದ ಹಿಡಿದ ಹಾಗೆ ಸೈಕಲ್ ಭಾರ ಆಯ್ತು. ಸರ್ರ್... ಸರ್ರ್... ತಿರುಗಿ ನೋಡಿದ್ರೆ ಏನಿರುತ್ತೆ? ಏನೂ ಇಲ್ಲ. ಒದ್ದೆ ರಸ್ತೆ ಮೇಲಿನ ಎಲೆಗಳು ಮಾತ್ರ ತಾವಾಗೇ ಪಕ್ಕಕ್ಕೆ ಸರೀತಿದ್ವು. ಕೆಳಗೆ ಅಜ್ಜಿ ಹೊರಗೆ ಬಂದು, 'ಕಟ್ಟು ಎಲ್ಲೋ? ಎಳ್ಕೊಂಡು ಬರೋ ಸದ್ದು ಕೇಳ್ತಲ್ಲ?' ಅಂದಳು. ಅಲ್ಲಿಂದಾಚೆ ಇಪ್ಪತ್ತು ವರ್ಷ ನಾನು ಕಟ್ಟು ಕಟ್ಟಲೇ ಇಲ್ಲ."

ತಮ್ಮ ನಕ್ಕ. ನಗು ಅವನಿಗೇ ಸಾಲಲಿಲ್ಲ, ಆದರೂ ಹೆಲ್ಮೆಟ್ ತೆಗೆದು ತಲೆಗೆ ಹಾಕಿಕೊಂಡ. "ಹಾಗಾದ್ರೆ ಒಳ್ಳೇದೇ ಆಯ್ತಲ್ಲ ತಾತ. ಹಿಡ್ಕೊಳ್ಳೋಕೆ ಒಬ್ರು ಇದಾರೆ. ಬರ್ಲಾ?"

"ಕೂತ್ಕೊಳ್ಳೋ," ಅಂದಳು ಅಕ್ಕ. ಅವನು ಆಗಲೇ ಸೈಕಲನ್ನು ಕೊಕ್ಕೆಯಿಂದ ಇಳಿಸುತ್ತಿದ್ದ.

"ನಾನೂ ಹಾಗೇ ಅಂದ್ಕೊಂಡಿದ್ದೆ ಮರಿ," ಅಂದ ತಾತ, ಧ್ವನಿ ಏರಿಸದೆ. "ಇಪ್ಪತ್ತು ವರ್ಷ. ನನ್ನ ಕಾಲಲ್ಲಿ ಮುರಿದಿರೋದು ಏನು ಅಂತ ನಿಮ್ಮಕ್ಕ ಆಗಲೇ ನೋಡಿದಾಳೆ, ಕೇಳು."

"ತೊಡೆಮೂಳೆ," ಅಂದಳು ಅವಳು.

"ಇಂಥದೇ ಮಳೆ. ಒಂಬತ್ತರಲ್ಲಿ ಹಿಡಿದ. ಹದಿಮೂರರವರೆಗೂ ಸದ್ದು ಬಂತು. ಅಲ್ಲಿ... ನಿಂತುಹೋಯ್ತು. ಸೈಕಲ್ ಹೂವಿನ ಹಾಗೆ ಹಗುರ ಆಯ್ತು. ಅದು ನಿಂತರೆ ಏನಾಗುತ್ತೆ ಅಂತ ನಾನು ಮೊದಲೇ ಒಂದ್ಸಲ ಕೇಳಿದ್ದವನು, ಅದಕ್ಕೆ ಗುಡ್ಡದ ಕಡೆ ಹಾರಿದೆ. ಕಾಲು ಹೋಯ್ತು, ಜೀವ ಉಳೀತು. ಆಸ್ಪತ್ರೇಲಿ ಮಲಗಿ ಅದೇ ಯೋಚನೆ, ಅವನು ಯಾಕೆ ಬಿಟ್ಟ? ಕೋಪವಾ? ಅಲ್ಲ... ಅವನು ಬಿಡೋ ಪೈಕಿ ಅಲ್ಲ. ಆದ್ರೆ ಅವನ ಹತ್ರ ಇರೋದು ಯಾವ ಹಗ್ಗ ಹೇಳು? ನಾನು ಕಟ್ಟಿದ್ದು. ಆ ಗಂಟು ಯಾವಾಗ ಜಾರುತ್ತೆ ಅಂತ ಅವನಿಗೂ ಗೊತ್ತಿಲ್ಲ."

ತಮ್ಮ ಸೈಕಲ್ ಹಿಡಿದು ಹಾಗೇ ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದ.

"ಅಕ್ಕಾ," ಅಂದ, ಮೆಲ್ಲಗೆ. "ಬೆಳಿಗ್ಗೆ ಹದಿಮೂರರಲ್ಲಿ ಹಗುರ ಆಗಿತ್ತು. ಬ್ರೇಕು ಸರಿಹೋಯ್ತು ಅಂತ ಖುಷಿಪಟ್ಟೆ. ಚಕ್ರ ಜಾರಿ ಕಣಿವೆ ಕಡೆ ಕಲ್ಲಿಗೆ ಕಾಲು ಬಡೀತು. ಬೈತೀಯ ಅಂತ ಹೇಳಲಿಲ್ಲ." ಪ್ಯಾಂಟು ಎತ್ತಿ ತೋರಿಸಿದ. ಕಾಲುಚೀಲ ಹರಿದಿತ್ತು, ರಕ್ತ ಒಣಗಿ ಅಂಟಿಕೊಂಡಿತ್ತು.

ಅವಳು ಬಗ್ಗಿ ಮೂಳೆ ಒತ್ತಿ ನೋಡಿದಳು. ಸರಿಯಾಗಿತ್ತು. ಬೈಯಲಿಲ್ಲ.

"ವ್ಯಾನಲ್ಲಿ ಜಾಗ ಇದೆಯಾ ಅಣ್ಣ?" ತಮ್ಮ ಡ್ರೈವರನ್ನು ಕೇಳಿದ.

ಸೈಕಲ್ಲುಗಳನ್ನು ವ್ಯಾನಿನ ಮೇಲೆ ಏರಿಸಿದರು. ಡ್ರೈವರ್ ಹಗ್ಗದ ಸುರುಳಿಯನ್ನು ತಾತನ ಕಡೆ ಎಸೆದ. ತಾತ ಹಿಡಿಯಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಹಗ್ಗ ಕೆಸರಿಗೆ ಬಿತ್ತು. ಆಗ ಅಕ್ಕ ಅಂಗಡಿಯ ಒಳಗೆ ಮತ್ತೊಮ್ಮೆ ನೋಡಿದಳು. ಟ್ಯೂಬುಗಳು ಮೊಳೆಗೆ, ಚೈನುಗಳು ಕೊಕ್ಕೆಗೆ, ಪೊಟ್ಟಣಗಳಿಗೆಲ್ಲ ಕ್ಲಿಪ್ಪು, ತಾತನ ಕಾಲಲ್ಲಿ ಬಕಲ್ ಚಪ್ಪಲಿ. ಇಡೀ ಅಂಗಡಿಯಲ್ಲಿ ಒಂದೇ ಒಂದು ಗಂಟು ಇರಲಿಲ್ಲ.

ಹಗ್ಗ ಎತ್ತಿಕೊಂಡು ಅವಳೇ ಕಟ್ಟಿದಳು. ಒಂದರ ಮೇಲೊಂದು ಮೂರು ಗಂಟು ಹಾಕಿ, ಜೋತುಬಿದ್ದು ಎಳೆದು ನೋಡಿದಳು. ತಮ್ಮ ಒಳಗೆ ಹತ್ತಿದ ಮೇಲೆ ಶಟರಿನ ಹತ್ತಿರ ಬಂದಳು.

"ವ್ಯಾನಿನ ಹಿಂದೇನೂ ಬರ್ತಾರಾ ತಾತ, ಅವರು?"

"ಒಂಬತ್ತನೇ ತಿರುವಲ್ಲಿ ಗಾಜು ಸ್ವಲ್ಪ ಇಳಿಸು ತಾಯಿ," ಅಂದ ತಾತ. "ಸರ್ರ್ ಅಂತ ಕೇಳಿದ್ರೆ ಏನೂ ಹೆದರ್ಬೇಡ, ಆರಾಮಾಗಿ ಕೂತ್ಕೋ. ಮಧ್ಯದಲ್ಲಿ ನಿಂತುಹೋದ್ರೆ ಮಾತ್ರ..."

ಅವನು ಶಟರಿನ ಹಿಡಿಗೆ ಕೈ ಹಾಕಿದ.

"ಗುಡ್ಡದ ಕಡೆ ಬಾಗಿಲು ಯಾವುದು ಅಂತ ಈಗಲೇ ನೋಡಿಟ್ಕೋ."