ಇಬ್ಬರ ತೂಕ

ಗ್ಯಾರೇಜಿನ ಬೆಂಚಿನ ಮೇಲೆ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಕಾಡುದಾರಿಗೂ ಟಾರ್ ರಸ್ತೆಗೂ ಒಗ್ಗುವ ಅವರ ಹಳೇ ಬೈಕು ಮುಂದಿನ ಚಕ್ರ ಬಿಚ್ಚಿಸಿಕೊಂಡು ಒಳಗೆ ನಿಂತಿತ್ತು.

“ಮೆಕ್ಯಾನಿಕ್ ನಿಮ್ಮ ತೂಕ ಯಾಕೆ ಕೇಳಿದ?” ಹೆಂಡತಿ ಗಂಡನನ್ನು ಕೇಳಿದರು.

“ಮುಂದಿನ ಚಕ್ರ ಹಿಡಿದಿರೋ ಫೋರ್ಕಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸ್ತಿದ್ದೀನಲ್ಲ. ಕೂರೋರ ತೂಕ ನೋಡಿ ಆರಿಸ್ತಾನೆ.”

“ನನ್ನದು ಕೇಳಲೇ ಇಲ್ಲ.”

“ಹಿಂದೆ ಯಾರೂ ಕೂರಲ್ಲ ಅಂದೆ. ನೀನು ಹತ್ತೋದು ಬಿಟ್ಟು ಯಾವ ಕಾಲ ಆಯ್ತು.”

“ಯಾಕೆ ಬಿಟ್ಟೆ? ನೀವು ಬ್ರೇಕ್ ಹಿಡಿದಾಗೆಲ್ಲ ಬೈಕ್ ಮುಂದಕ್ಕೆ ಕುಸಿದು, ನನ್ನ ಹೆಲ್ಮೆಟ್ ನಿಮ್ಮದಕ್ಕೆ ಕುಟ್ಟೋದು.”

“ಇನ್ಮೇಲೆ ಕುಸಿಯಲ್ಲ. ಅದಕ್ಕೇ ತಾನೆ ಹೊಸ ಸ್ಪ್ರಿಂಗು.”

“ಮತ್ತೆ ನಾನು ಹತ್ತಬಹುದಲ್ಲ?”

ಆತ ತಲೆ ಕೆರೆದುಕೊಂಡು ಎದ್ದರು.

“ತಡಿ, ಇಬ್ಬರದೂ ಹೇಳಿ ಬರ್ತೀನಿ.”

“ನನ್ನದು ನಾನೇ ಹೇಳ್ತೀನಿ. ನಿಮ್ಮ ಬಾಯಲ್ಲಿ ಹತ್ತು ಕೆಜಿ ಜಾಸ್ತಿ ಬರುತ್ತೆ.”

ಆಕೆ ಚಪ್ಪಲಿ ಮೆಟ್ಟಿಕೊಂಡು ಆತನಿಗಿಂತ ಮೊದಲೇ ಒಳಗೆ ನಡೆದರು.